ಮೂರನೇ ಗೇರು ಮತ್ತು ಮೇಣದ ದಾರ

"ಅಣ್ಣಾ, ನಿಮ್ಮ ಮಾತು ಕೇಳಿ ತಗೊಂಡ ಗಾಡಿ, ಸಂಡೂರು ಘಾಟಿ ಹತ್ತವಲ್ದು ನೋಡ್ರಿ."

ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ಅಕ್ಕ ಹೊಸಪೇಟೆಯ ನನ್ನ ಗ್ಯಾರೇಜಿನ ಶಟರ್ ಮುಂದೆ ನಿಂತು ಹೇಳಿದ ಮೊದಲ ಮಾತು ಇದು. ಕುಂದ್ರಿ ಅಂದರೂ ಕೂರಲಿಲ್ಲ, ಚಹಾ ತರಿಸಲೇ ಅಂದರೆ ಬ್ಯಾಡ ಅಂದರು. ಹಿಂದಿನ ದಿನ ಐದು ಜನ ಅತಿಥಿಗಳನ್ನು ಕೂರಿಸಿಕೊಂಡು ಸಂಡೂರಿಗೆ ಹೊರಟಿದ್ದರಂತೆ. ಏರಿನಲ್ಲಿ ಗಾಡಿ ಉಸಿರು ಕಟ್ಟಿ, ಹಿಂದಿನಿಂದ ಅದಿರಿನ ಲಾರಿಯವನು ಹಾರನ್ ಒತ್ತಿ ಒತ್ತಿ ಮಾನ ತೆಗೆದನಂತೆ.

"ನಿಮ್ಮ ಮಾತು ಕೇಳಿ" ಅಂದದ್ದು ಸುಳ್ಳಲ್ಲ. ಎರಡು ತಿಂಗಳ ಹಿಂದೆ ಆ ಏಳು ಸೀಟಿನ ಟರ್ಬೊ ಡೀಸೆಲ್ ಗಾಡಿಯನ್ನು ಕೊಳ್ಳುವ ಮೊದಲು ನನ್ನ ಹತ್ತಿರ ತಂದು, "ನೀವು ಹೂಂ ಅಂದ್ರ ತಗೋತೀನಿ, ಊಹೂಂ ಅಂದ್ರ ಬಿಡ್ತೀನಿ" ಎಂದಿದ್ದರು. ನಾನು ಹೂಂ ಅಂದಿದ್ದೆ.

ಯಾಕೆ ಹೂಂ ಅಂದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಶುರುವಾದದ್ದು ಅಲ್ಲಿಂದ. ಆ ಗಾಡಿ ಸಂಡೂರಿನ ಗಣಿಯೊಂದಕ್ಕೆ ಬಾಡಿಗೆಗೆ ಓಡುತ್ತಿತ್ತು. ಅಲ್ಲಿಂದ ಬಿಡಿಸಿ ಮಾರಲು ತಂದವನು ಕಂಪ್ಲಿಯ ಒಬ್ಬ ಗಾಡಿ ವ್ಯಾಪಾರಿ. ಮೀಟರು ಎಂಬತ್ತೆಂಟು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಗಣಿಯಲ್ಲಿದ್ದಷ್ಟು ಕಾಲವೂ ಅದರ ವೈರಿಂಗ್ ಕೆಲಸ ನೋಡಿಕೊಂಡವರು ಕಂಪ್ಲಿಯ ಮೇಸ್ತ್ರಿ. ನನಗೆ ವೈರು ಹಿಡಿಯುವುದನ್ನು ಕಲಿಸಿದವರು ಅವರೇ. ಫೋನ್ ಮಾಡಿ ಕೇಳಿದೆ. "ನಾ ನೋಡಿಕೊಂಡ ಗಾಡಿ ಲೇ ಅದು. ಕಣ್ಣು ಮುಚ್ಚಿ ತಗೊಳ್ಳಿ ಅನ್ನು" ಅಂದರು.

ಬರೀ ಮಾತನ್ನು ನಂಬಿದೆ ಅಂತಲೂ ಅಲ್ಲ. ಬ್ಯಾಟರಿ ತಟ್ಟೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿದಾಗ, ಗೇರ್‌ಬಾಕ್ಸಿಗೆ ಇಳಿಯುವ ವೈರುಗಳ ನಡುವೆ ಮೇಸ್ತ್ರಿಯ ದಾರ ಕಂಡಿತ್ತು. ನಮ್ಮ ಕಡೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಅದರ ಮೇಲೆ ಗಣಿಯ ಕೆಂಧೂಳು ಕೂತು ಕೆಸರಾಗುತ್ತದೆ. ಹಾಗಾಗಿ ಮೇಸ್ತ್ರಿ ಟೇಪನ್ನು ಮುಟ್ಟುತ್ತಿರಲಿಲ್ಲ. ವೈರನ್ನು ಬೆಸೆದು, ವಾರ್ನಿಷ್ ಹಚ್ಚಿ, ಚಪ್ಪಲಿ ಹೊಲಿಯುವ ಮೇಣದ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯ ತುದಿಯನ್ನು ಸುತ್ತಿನ ಒಳಕ್ಕೇ ಎಳೆದುಬಿಡುತ್ತಿದ್ದರು. ಗಂಟು ಕಾಣುವುದಿಲ್ಲ. ಆ ತುದಿ ಒಳಗೆ ಹೋಗುವ ಹಾಗೆ ಎಳೆಯುವುದು ಕಲಿಯಲು ನನಗೆ ಎರಡು ಬೇಸಿಗೆ ಹಿಡಿದಿತ್ತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಹಾಗೆ ಸುತ್ತುವವರು ಇಬ್ಬರೇ, ಅವರು ಮತ್ತು ನಾನು. ಆ ದಾರ ಕಂಡ ಮೇಲೆ ನಾನು ಇನ್ನೇನನ್ನೂ ಬಿಚ್ಚಿ ನೋಡಲಿಲ್ಲ. ಟಿ.ಬಿ. ಡ್ಯಾಂ ರಸ್ತೆಯಲ್ಲಿ ಒಬ್ಬನೇ ಒಂದು ಸುತ್ತು ಓಡಿಸಿದೆ, ಸಪಾಟು ರಸ್ತೆ, ಗಾಡಿ ಬೆಣ್ಣೆಯಂತೆ ಹೋಯಿತು.

ಈಗ ಅದೇ ಗಾಡಿ ವಾಪಸ್ಸು ಬಂದಿತ್ತು. ಎಳೆತ ಇಲ್ಲ ಅಂದರೆ ನಾವು ಮೊದಲು ಅನುಮಾನಿಸುವುದು ಗಾಳಿಯನ್ನು. ಟರ್ಬೊ ಎನ್ನುವುದು ಎಂಜಿನ್ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಚಕ್ರ. ಆ ಒತ್ತಡಕ್ಕೆ ಬೂಸ್ಟ್ ಅನ್ನುತ್ತೇವೆ. ಪೈಪು ಎಲ್ಲಾದರೂ ಸೀಳಿದ್ದರೆ ಬೂಸ್ಟ್ ಸೋರುತ್ತದೆ. ಪೈಪುಗಳ ಬಾಯಿ ಮುಚ್ಚಿ, ಗಾಳಿ ತುಂಬಿ, ಮೇಲೆಲ್ಲ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಟರ್ಬೊದ ಒತ್ತಡ ಹೆಚ್ಚು ಕಡಿಮೆ ಮಾಡುವ ಕಡ್ಡಿಯನ್ನು ನೋಡಿದೆ, ಸಲೀಸಾಗಿ ಆಡುತ್ತಿತ್ತು. ಮರುದಿನ ಬೂಸ್ಟ್ ಅಳೆಯುವ ಸೆನ್ಸರನ್ನು ಬದಲಿಸಿದೆ. ಹೊಗೆಯನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ವಾಲ್ವನ್ನು ಬಿಚ್ಚಿ ಮಸಿ ತೆಗೆದೆ, ಮೊಣಕೈವರೆಗೆ ಕರಿ ಮಾಡಿಕೊಂಡೆ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದರೆ ಒಂದೇ ಒಂದು ಎರರ್ ಇಲ್ಲ. ಗಾಡಿ ತನಗೇನೂ ಆಗಿಲ್ಲ ಅನ್ನುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

ಮೂರನೇ ದಿನ ಅಕ್ಕನಿಗೆ ಫೋನ್ ಮಾಡಿ, ಟರ್ಬೊನೇ ಹೋಗಿರಬೇಕು, ಬದಲಿಸಬೇಕಾಗುತ್ತದೆ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಗೊತ್ತಾಗದೆ ಇದ್ದದ್ದನ್ನು ಗೊತ್ತಿದ್ದವನ ಹಾಗೆ ಹೇಳಿದೆ.

"ಟರ್ಬೊ ಹೋಗಿದ್ರ ಎಲ್ಲಾ ಗೇರಿನ್ಯಾಗೂ ಹಂಗ ಆಗಬೇಕಲ್ರಿ ಅಣ್ಣಾ? ನಾಲ್ಕನೇದಾಗ ಮಸ್ತ್ ಎಳಿತೈತಿ. ಮೂರನೇದಾಗ ಅಷ್ಟ ಸಾಯ್ತೈತಿ" ಎಂದರು.

"ಅದು ಹಂಗ ಅನಸ್ತೈತ್ರಿ ಅಕ್ಕಾ" ಅಂದೆ, ಗಿರಾಕಿಗಳು ನಮಗೇ ಪಾಠ ಹೇಳಲು ಬಂದಾಗ ಹೇಳುವ ದನಿಯಲ್ಲಿ.

"ನಂಗ ಅನಸ್ತೈತೋ ಇಲ್ಲೋ, ಬಂದು ಕುಂತು ನೋಡ್ರಲ್ಲ. ನಾ ಓಡಸ್ತೀನಿ."

ಸವಾಲು ಹಾಕಿದ ಮೇಲೆ ಬಿಡುವುದುಂಟೇ. ಮರುದಿನ ಬೆಳಿಗ್ಗೆ ಸ್ಕ್ಯಾನರಿಗೆ ಜೋಡಿಸಿದ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತೆ. ಹಿಂದಿನ ಸೀಟುಗಳಲ್ಲಿ ಐದು ಜನರ ತೂಕಕ್ಕೆ ಅಕ್ಕನೇ ಮರಳಿನ ಚೀಲ ತರಿಸಿ ಹಾಕಿಸಿದ್ದರು. ಸಂಡೂರು ರಸ್ತೆ ಹಿಡಿದೆವು. ಏರು ಶುರುವಾಗುವ ಮೊದಲು ಅಕ್ಕ ತಮ್ಮ ಫೋನನ್ನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿ, "ಇದೊಂದು ನೋಡ್ರಿ. ನನ್ನ ಫೋನಿನ ಮ್ಯಾಪು ಅರವತ್ತು ಅಂತೈತಿ, ಗಾಡಿ ಮೀಟರು ನಲವತ್ತೈದು ಅಂತೈತಿ. ಡೀಸೆಲ್ಲೂ ಭಾಳ ಕುಡಿತೈತಿ" ಎಂದರು.

"ಟೈರು ದೊಡ್ಡವು ಹಾಕಿರ್ತಾರ್ರಿ ಗಣಿಯಾಗ. ಅದಕ್ಕ ಹಂಗ" ಎಂದು ತೇಲಿಸಿಬಿಟ್ಟೆ. ಟೈರಿನ ಮೇಲೆ ಬರೆದ ಸೈಜನ್ನು ಓದಲು ಬಗ್ಗಲೂ ಇಲ್ಲ ನಾನು. ಕೈಯಲ್ಲೇ ಇಟ್ಟ ಉತ್ತರವನ್ನು ಹಾಗೆ ತಳ್ಳಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಏರಿನಲ್ಲಿ ಅಕ್ಕ ಹೇಳಿದ್ದೇ ನಿಜವಾಯಿತು. ಮೂರನೇ ಗೇರಿನಲ್ಲಿ ಪೆಡಲನ್ನು ನೆಲಕ್ಕೆ ಒತ್ತಿದರೂ ಬೂಸ್ಟಿನ ಗೆರೆ ಸೊನ್ನೆ ಪಾಯಿಂಟ್ ಎಂಟು ಬಾರ್ ದಾಟಲಿಲ್ಲ. ಏರು ಮುಗಿದು ಸ್ವಲ್ಪ ಸಪಾಟು ಸಿಕ್ಕಿದ ಕಡೆ ನಾಲ್ಕಕ್ಕೆ ಹಾಕಿಸಿದೆ. ಗೆರೆ ಒಂದೂವರೆ ಬಾರಿನ ಹತ್ತಿರ ಹೋಯಿತು. ಪೈಪು ಸೋರಿದ್ದರೆ, ಟರ್ಬೊ ಸತ್ತಿದ್ದರೆ ಹೀಗೆ ಒಂದು ಗೇರಿಗೆ ಒಂದು ನ್ಯಾಯ ಇರುವುದಿಲ್ಲ. ಯಾರೋ ಬೇಕೆಂದೇ ತಡೆಯುತ್ತಿದ್ದಾರೆ. ಆ ಯಾರೋ ಎಂದರೆ ಎಂಜಿನ್ ಕಂಪ್ಯೂಟರ್.

ಇದು ರೋಗವಲ್ಲ, ಗಾಡಿ ಕಟ್ಟಿದವರೇ ಇಟ್ಟ ಕಟ್ಟುಪಾಡು. ಒಂದನೇ, ಎರಡನೇ ಗೇರಿನಲ್ಲಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸು ಹಲವು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ. ಅದರ ಮೇಲೆ ಟರ್ಬೊ ಪೂರ್ತಿ ಗಾಳಿ ತುಂಬಿದರೆ ಚಕ್ರ ನಿಂತಲ್ಲೇ ಗಿರಕಿ ಹೊಡೆಯುತ್ತದೆ, ಇಲ್ಲವೇ ಗೇರಿನ ಹಲ್ಲು, ಆಕ್ಸಲ್ಲು ಮುರಿಯುತ್ತವೆ. ಆದ್ದರಿಂದ ಕೆಳಗಿನ ಗೇರುಗಳಲ್ಲಿ ಕಂಪ್ಯೂಟರ್ ಬೂಸ್ಟನ್ನು ತಗ್ಗಿಸಿ ಹಿಡಿಯುತ್ತದೆ, ಮೂರರಿಂದ ಮೇಲಕ್ಕೆ ಬಿಡುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು, ಮೂರನೇ ಗೇರನ್ನು ಅದು ಯಾಕೆ ಹಿಡಿದಿದೆ ಎಂಬುದು.

ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಸ್ಕ್ಯಾನರಿನ ಉದ್ದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ನೂರಕ್ಕೂ ಹೆಚ್ಚು ಸಾಲು. ನಾನು ಯಾವತ್ತೂ ತೆರೆಯದ ಒಂದು ಸಾಲು ಅದರಲ್ಲಿತ್ತು: ಗಾಡಿ ಯಾವ ಗೇರಿನಲ್ಲಿದೆ ಎಂದು ಕಂಪ್ಯೂಟರ್ ತಿಳಿದುಕೊಂಡಿದೆ ಎಂಬುದು. ಅದನ್ನು ಪರದೆಗೆ ತಂದು, ಮತ್ತೆ ಏರು ಹತ್ತಿಸಿದೆ.

"ಅಕ್ಕಾ, ಈಗ ಯಾವ ಗೇರಿನ್ಯಾಗ ಅದೀರಿ?"

"ಮೂರು."

ಪರದೆಯಲ್ಲಿ ಎರಡು ಎಂದಿತ್ತು.

ಈ ಗಾಡಿಯಲ್ಲಿ ಗೇರಿನ ಕೋಲು ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುವ ವೈರೇ ಇಲ್ಲ. ಅದು ಲೆಕ್ಕ ಹಾಕಿ ಊಹಿಸುತ್ತದೆ. ಎಂಜಿನ್ ಇಷ್ಟು ಸುತ್ತು ತಿರುಗುತ್ತಿದೆ, ಗಾಡಿ ಇಷ್ಟು ವೇಗ ಹೋಗುತ್ತಿದೆ, ಹಾಗಾದರೆ ಇದು ಇಂಥ ಗೇರು. ಎಂಜಿನ್ ಎರಡು ಸಾವಿರ ಸುತ್ತಿನಲ್ಲಿದ್ದಾಗ ಎರಡನೇ ಗೇರಿನಲ್ಲಿ ಸುಮಾರು ಮೂವತ್ತು, ಮೂರನೇದರಲ್ಲಿ ನಲವತ್ತಾರು ಕಿಲೋಮೀಟರ್ ವೇಗ ಇರಬೇಕು. ಕಂಪ್ಯೂಟರಿಗೆ ಬರುತ್ತಿದ್ದ ವೇಗ ಮೂವತ್ತನಾಲ್ಕು. ಮೂವತ್ತಕ್ಕೆ ಹತ್ತಿರ ಎಂದು ಅದು ಎರಡನೇ ಗೇರು ಅಂದುಕೊಂಡು ಗಾಳಿ ಹಿಡಿಯುತ್ತಿತ್ತು. ನಾಲ್ಕನೇದನ್ನು ಹಾಗೆಯೇ ಮೂರು ಅಂದುಕೊಂಡು ಗಾಳಿ ಬಿಡುತ್ತಿತ್ತು. ಬ್ರೇಕಿನ ಕಂಪ್ಯೂಟರಿಗೆ ವೇಗ ಹೇಳುವುದು ಬೇರೆ, ಚಕ್ರಗಳ ಹತ್ತಿರವೇ ಕೂತ ಸೆನ್ಸರುಗಳು. ಸ್ಕ್ಯಾನರನ್ನು ಅದಕ್ಕೆ ತಿರುಗಿಸಿ ಅದೇ ಏರು, ಅದೇ ಎರಡು ಸಾವಿರ ಸುತ್ತಿನಲ್ಲಿ ನೋಡಿದೆ. ಅಲ್ಲಿ ನಲವತ್ತಾರು. ಅಕ್ಕನ ಫೋನೂ ನಲವತ್ತಾರು. ಇಳಿದು ಟೈರು ನೋಡಿದೆ, ಕಂಪನಿಯ ಸೈಜೇ.

ಎಂಜಿನ್ ಕಂಪ್ಯೂಟರಿಗೂ ಮೀಟರಿಗೂ ವೇಗ ಹೇಳುವ ಸೆನ್ಸರ್ ಗೇರ್‌ಬಾಕ್ಸಿನ ಮೇಲಿದೆ. ಗಾಡಿ ಓಡಿದಂತೆ ಅಲ್ಲಿಂದ ವೈರಿನಲ್ಲಿ ಬರುವ ನಾಲ್ಕು ಮಿಡಿತದಲ್ಲಿ ಒಂದನ್ನು ದಾರಿಯಲ್ಲಿ ಯಾರೋ ನುಂಗುತ್ತಿದ್ದರು. ನಾಲ್ಕು ಕಿಲೋಮೀಟರ್ ಓಡಿದರೆ ಮೀಟರು ಮೂರು ಎಂದು ಬರೆದುಕೊಳ್ಳುತ್ತಿತ್ತು. ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಅಕ್ಕನಿಗೆ ಕಂಡದ್ದೂ ಅದಕ್ಕೇ.

ಗೇರ್‌ಬಾಕ್ಸಿಗೆ ಇಳಿಯುವ ಆ ವೈರು. ಬ್ಯಾಟರಿ ತಟ್ಟೆಯ ಕೆಳಗೆ.

ಗಾಡಿಯನ್ನು ಹೊಸಪೇಟೆಗೆ ತಿರುಗಿಸಲು ಹೇಳಿದೆ. ಅಕ್ಕನಿಗೆ, ಗ್ಯಾರೇಜಿನಲ್ಲಿ ಬಿಚ್ಚಿ ನೋಡಿ ಹೇಳುತ್ತೇನೆ ಎಂದಷ್ಟೇ ಅಂದು, ಅವರನ್ನು ಆಟೊ ಹತ್ತಿಸಿ ಕಳಿಸಿದೆ. ಬ್ಯಾಟರಿ ಇಳಿಸಿ ತಟ್ಟೆ ತೆಗೆದೆ. ದಾರ ಹಾಗೇ ಇತ್ತು, ಚೊಕ್ಕವಾಗಿ. ಒಂದು ಬೆಸುಗೆಗೆ ಒಂದು ಬೆರಳು ಅಗಲ ದಾರ ಸಾಕು. ಇದು ನಾಲ್ಕು ಬೆರಳು ಉದ್ದ ಇತ್ತು, ನಡುವೆ ಸಣ್ಣಗೆ ಉಬ್ಬಿತ್ತು. ಎರಡು ತಿಂಗಳ ಹಿಂದೆಯೂ ಇಷ್ಟೇ ಉದ್ದ, ಇಷ್ಟೇ ಉಬ್ಬು. ಕಂಡಿತ್ತು, ಕೇಳಿಕೊಳ್ಳಲಿಲ್ಲ. ಎರಡೂ ಕಡೆ ಕತ್ತರಿಸಿ, ಬ್ಲೇಡಿನಿಂದ ಒಂದು ಬದಿ ಸೀಳಿದೆ. ಹುಣಸೆ ಬೀಜದಷ್ಟು ಚಿಕ್ಕ ಸರ್ಕ್ಯೂಟ್ ಹಲಗೆ, ಅದರ ಮೇಲೊಂದು ಚಿಪ್. ಮಿಡಿತ ನುಂಗುತ್ತಿದ್ದದ್ದು ಇದೇ. ಅದಕ್ಕೂ ವಾರ್ನಿಷ್ ಹಚ್ಚಿದ್ದರು. ಕಳ್ಳ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದ್ದರು ಮೇಸ್ತ್ರಿ.

ಮಾರನೇ ದಿನ ಬೆಳಿಗ್ಗೆ ಬೈಕು ಹತ್ತಿ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಆಸೆ: ಯಾರೋ ಬೇರೆಯವರು ಅವರ ಕೈಯನ್ನು ಕದ್ದು ಕಲಿತಿರಲಿ. ಮೇಸ್ತ್ರಿ ತಗಡಿನ ಶೆಡ್ಡಿನ ಮುಂದೆ ಮಣೆ ಹಾಕಿಕೊಂಡು ಆಲ್ಟರ್ನೇಟರ್ ಬಿಚ್ಚುತ್ತಿದ್ದರು. ಕತ್ತರಿಸಿದ ತುಂಡನ್ನು ಅವರ ಮುಂದೆ ಇಟ್ಟೆ. ನೋಡಿದರು, ಮುಟ್ಟಲಿಲ್ಲ.

"ಕುಂದ್ರು. ನಾಷ್ಟಾ ಆತೇನು?"

"ಇದು ನಿಮ್ಮ ಕೈಯಾಗಿಂದೇನ್ರಿ ಮೇಸ್ತ್ರಿ?"

"ಮತ್ಯಾರದು? ಹಿಂಗ ಸುತ್ತಾಕ ಯಾರಿಗೆ ಬರ್ತೈತಿ?" ಆ ಮಾತಿನಲ್ಲಿ ಹೆಮ್ಮೆ ಇತ್ತು, ದೇವರಾಣೆ. "ಆ ಗಣಿಯಾಗ ಲಕ್ಷ ದಾಟಿದ ಗಾಡಿ ಇಟ್ಕೊಳ್ಳಂಗಿಲ್ಲ. ಬಾಡಿಗಿ ಬಿಟ್ಟ ಓನರ್ ಹೊಸಾ ಗಾಡಿ ತಂದ ದಿನಾನ ಕೇಳ್ದ, ಮೀಟರ್ ನಿಧಾನ ಓಡೋ ಹಂಗ ಹಾಕಿ ಕೊಟ್ಟೆ. ಇದೊಂದಕ್ಕ ಹಾಕೀನೇನು ನಾನು?"

"ನಾ ಫೋನ್ ಮಾಡಿ ಕೇಳಿದ್ನಲ್ರಿ. ಆಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸುಮ್ಮನಿರ್ತಿದ್ದೇನಲೇ? ವ್ಯಾಪಾರಿ ಮೊದ್ಲ ಹೆದರಿದ್ದ, ಆ ಹೆಣ್ಣುಮಗಳು ನಿನ್ನ ಕಡಿ ತೋರಸ್ತಾಳ ಅಂತ. ನಾ ಅಂದೆ, ಚಿಂತಿ ಮಾಡಬ್ಯಾಡ, ಅವ ನನ್ನ ದಾರ ನೋಡಿದ್ರ ಬಿಚ್ಚಂಗಿಲ್ಲ ಅಂತ."

ಬರೀ ಸುಳ್ಳು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಇವರು ನನ್ನ ನಂಬಿಕೆಯನ್ನು ಅಳೆದು, ಅದು ಎಷ್ಟು ದೂರ ಕೆಲಸಕ್ಕೆ ಬರುತ್ತದೆ ಎಂದು ವ್ಯಾಪಾರಿಗೆ ಭರವಸೆ ಕೊಟ್ಟಿದ್ದರು. ನಾನು ಅವರಿಂದ ಕಲಿತ ಶಿಷ್ಯ ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನೂ ಆ ಹುಣಸೆ ಬೀಜದಷ್ಟು ಹಲಗೆಯ ಹಾಗೆ, ಇಟ್ಟ ಕಡೆ ಕೂತು ಕೆಲಸ ಮಾಡುವ ಸಾಮಾನು.

"ಬಿಚ್ಚಿದಿಯಲ್ಲ, ಮುಗೀತು" ಎಂದರು ಮೇಸ್ತ್ರಿ, ಆಲ್ಟರ್ನೇಟರಿಗೆ ಮತ್ತೆ ಕೈ ಹಾಕುತ್ತ. "ವೈರ್ ಕೂಡಿಸಿ ಕೊಟ್ಟುಬಿಡು. ಗಾಡಿ ಎಳಿತೈತಿ, ಆಕಿ ಊರ ತುಂಬಾ ನಿನ್ನ ಹೆಸರು ಹೇಳ್ತಾಳ. ಬಾಯಿ ಬಿಟ್ಟಿ ಅಂದ್ರ ನೋಡು, ಈ ದಾರ ಸುತ್ತೋರು ಇಬ್ಬರ. ಗಾಡಿ ಪಾಸ್ ಮಾಡಿದಾಂವ ನೀನು. ಮಂದಿ ಯಾರ ಹೆಸರು ಹಿಡಿತಾರ, ವಿಚಾರ ಮಾಡು."

ಬೈದೆನಾ? ಇಲ್ಲ. ಏನೇನೋ ಬೈಗುಳ ಜೋಡಿಸಿಕೊಂಡು ಹೋದವನು, ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಅಭ್ಯಾಸಬಲದಿಂದ "ಬರ್ತೀನ್ರಿ" ಅಂದು ಎದ್ದು ಬಂದೆ. ಆ "ಬರ್ತೀನ್ರಿ" ನೆನೆದು ದಾರಿಯಲ್ಲಿ ಹಲ್ಲು ಕಡಿದೆ.

ಇಲ್ಲಿ ನಾನು ದೊಡ್ಡ ಮನುಷ್ಯನಂತೆ ಬರೆದುಕೊಳ್ಳಬಾರದು. ಗ್ಯಾರೇಜಿಗೆ ಬಂದವನು, ಮೇಸ್ತ್ರಿ ಹೇಳಿದ ಹಾಗೆಯೇ ಮಾಡಿಬಿಡೋಣ ಎಂದು ಮುಕ್ಕಾಲು ಪಾಲು ನಿರ್ಧರಿಸಿದೆ. ಸುಲಭ ಇತ್ತು. ವೈರು ಕೂಡಿಸಿದರೆ ಮೂರನೇ ಗೇರು ಮೂರನೆಯದಾಗುತ್ತದೆ, ಅಕ್ಕ ಖುಷಿ, ನನ್ನ ಹೆಸರು ಉಳಿಯುತ್ತದೆ. ಆದರೆ ಮೊದಲ ದಿನದಿಂದ ನಾಲ್ಕಕ್ಕೆ ಮೂರರ ಲೆಕ್ಕದಲ್ಲಿ ಓಡಿದ ಗಾಡಿ ಎಂದ ಮೇಲೆ ಕೊಳ್ಳುವಾಗಿನ ಎಂಬತ್ತೆಂಟು ಸಾವಿರ ಎಂದರೆ ನಿಜದಲ್ಲಿ ಒಂದು ಲಕ್ಷ ಹದಿನೇಳು ಸಾವಿರ. ಈ ಎಂಜಿನ್ನಿನ ವಾಲ್ವುಗಳನ್ನು ಓಡಿಸುವ ಹಲ್ಲಿನ ರಬ್ಬರ್ ಪಟ್ಟಿ, ಟೈಮಿಂಗ್ ಬೆಲ್ಟನ್ನು, ಲಕ್ಷಕ್ಕೆ ಬದಲಿಸಬೇಕು. ಮನಸ್ಸು ತಡೆಯದೆ ಮುಚ್ಚಳ ತೆಗೆದು ಬೆಲ್ಟನ್ನು ಬೆರಳಲ್ಲಿ ಬಗ್ಗಿಸಿದೆ. ಬೆನ್ನಿನ ತುಂಬ ಅಡ್ಡ ಬಿರುಕು. ಒಂದು ಕಡೆ ಹಲ್ಲಿನ ಬುಡವೇ ಬಿಟ್ಟಿತ್ತು. ಘಾಟಿಯ ಮೇಲೆ ಐದು ಜನರನ್ನು ಕೂರಿಸಿಕೊಂಡಾಗ ಅದು ಹರಿದಿದ್ದರೆ ಎಂಜಿನ್ ಅಲ್ಲೇ ನಿಂತು, ಹಿಂದೆ ಅದಿರಿನ ಲಾರಿ. ಅಕ್ಕ ಮೀಟರು ನೋಡಿಕೊಂಡು, ಅದು ಲಕ್ಷ ತೋರಿಸುವವರೆಗೂ ನಿಶ್ಚಿಂತೆಯಿಂದ ಓಡಿಸುತ್ತಿದ್ದರು. ನನ್ನ ಹೂಂ ಆ ಬೆಲ್ಟಿನ ಮೇಲೆ ಕೂತಿತ್ತು.

ಅಕ್ಕನಿಗೆ ಫೋನ್ ಮಾಡಿದೆ. "ಬರ್ರಿ. ತೋರಿಸೋದು ಐತಿ."

ಬಂದರು. ಒಂದು ತಟ್ಟೆಯಲ್ಲಿ ಹಳೇ ಬೆಲ್ಟು, ಆ ದಾರದ ತುಂಡು, ಪಕ್ಕದಲ್ಲಿ ಸ್ಕ್ಯಾನರಿನ ಪ್ರಿಂಟು ಇಟ್ಟೆ. ಮೊದಲಿನಿಂದ ಎಲ್ಲ ಹೇಳಿದೆ, ದಾರ ನೋಡಿ ಬಿಚ್ಚದೆ ಬಿಟ್ಟದ್ದನ್ನೂ, ಫೋನಿನ ಮ್ಯಾಪಿನ ಮಾತನ್ನು ತೇಲಿಸಿದ್ದನ್ನೂ. ವ್ಯಾಪಾರಿಯ ಹತ್ತಿರ ಹೋಗುವಾಗ ನಾನೂ ಬರುತ್ತೇನೆ, ಕಂಡದ್ದನ್ನು ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ಅಕ್ಕ ಬೆಲ್ಟಿನ ಬಿರುಕಿಗೆ ಉಗುರು ಹಾಕಿ ನೋಡಿದರು.

"ಇದನ್ನ ಹಾಕಿದಾಂವ ಯಾರು ಗೊತ್ತೈತೇನ್ರಿ ನಿಮಗ?"

"ಗೊತ್ತೈತ್ರಿ. ನನಗ ಕೆಲಸ ಕಲಿಸಿದವ್ರು."

"ನಿಮಗೂ ಹಂಗ ಮಾಡಿದ್ರಾ" ಎಂದರು. ಪ್ರಶ್ನೆಯೋ ಕನಿಕರವೋ ತಿಳಿಯಲಿಲ್ಲ.

ಹೊಸ ಬೆಲ್ಟು ಆಗಲೇ ಹಾಕಿದ್ದೆ. ಉಳಿದದ್ದು ವೈರು. ಅಕ್ಕನ ಎದುರಿಗೇ ಎರಡು ತುದಿ ಕೂಡಿಸಿ ಬೆಸೆದೆ, ವಾರ್ನಿಷ್ ಹಚ್ಚಿ ಊದಿದೆ. ಮುಂದಿನದನ್ನು ಯೋಚಿಸಿ ಮಾಡಲಿಲ್ಲ. ಕೈ ತಾನಾಗಿಯೇ ಡಬ್ಬಿಯಿಂದ ಮೇಣದ ದಾರ ತೆಗೆಯಿತು, ಒತ್ತೊತ್ತಾಗಿ ಸುತ್ತಿತು, ತುದಿಯನ್ನು ಒಳಕ್ಕೆ ಎಳೆಯಿತು.

ಅಕ್ಕ ತಟ್ಟೆಯಲ್ಲಿದ್ದ ತುಂಡನ್ನು ಎತ್ತಿ, ನಾನು ಈಗಷ್ಟೇ ಸುತ್ತಿದ ದಾರದ ಪಕ್ಕ ಹಿಡಿದರು.

"ಎರಡೂ ಒಂದ ಕೈಯಾಗಿಂದು ಇದ್ದಂಗ ಅದಾವಲ್ಲ ಅಣ್ಣಾ."

"ಅವ್ರ ಕಡಿ ಕಲ್ತದ್ರಿ. ನನಗ ಬರೋದ ಹಿಂಗ."

"ನಿಮ್ಮ ಮ್ಯಾಲ ನನಗ ಸಂಶಯ ಇಲ್ರಿ" ಎಂದರು. ತುಂಡನ್ನು ತಟ್ಟೆಗೆ ಹಾಕಿ, "ಆದ್ರ ಇದನ್ನ ಬಿಚ್ರಿ. ಎಲ್ಲಾರೂ ಹಚ್ಚತಾರಲ್ಲ ಕರೀ ಟೇಪು, ಅದನ್ನ ಹಚ್ಚಿ ಕೊಡ್ರಿ" ಎಂದರು.

ಟೇಪು ನಮ್ಮ ಬಿಸಿಲಿಗೆ ಎರಡು ವರ್ಷವೂ ನಿಲ್ಲುವುದಿಲ್ಲ, ಅಂಟು ಕರಗಿ ಜಾರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಎಷ್ಟೋ ಗಿರಾಕಿಗಳಿಗೆ ಹೇಳಿದ ಮಾತು, ಮೇಸ್ತ್ರಿಯ ಮಾತು. ಆ ಮಾತು ಬಿಟ್ಟು ಬ್ಲೇಡು ಎತ್ತಿಕೊಂಡೆ.

ಒಳಕ್ಕೆ ಎಳೆದ ತುದಿ ಮತ್ತೆ ಹೊರಗೆ ಬರುವುದಿಲ್ಲ, ಆ ಸುತ್ತು ಇರುವುದೇ ಹಾಗೆ. ಬ್ಲೇಡು ಇಟ್ಟು ಉದ್ದಕ್ಕೆ ಕೊಯ್ದೆ. ದಾರ ಚೂರು ಚೂರಾಗಿ ನೆಲಕ್ಕೆ ಬಿತ್ತು. ಪಕ್ಕದ ಅಂಗಡಿಯಿಂದ ಕರಿ ಟೇಪು ತಂದು ನಾಲ್ಕು ಸುತ್ತು ಸುತ್ತಿದೆ.

ಅಕ್ಕ ಅದರ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ, ಹೂಂ ಅಂದರು.